‘ಪ್ರಾರ್ಥನೆ ಬರ್ತಿಲ್ಲ ಮೇಡಂ’

ಈ ಪ್ರಕರಣದಲ್ಲಿ ವಯಸ್ಸು, ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಹೆಸರಿನ ಬದಲು ಅಕ್ಕ ಎಂದೇ ಬರೆಯುತ್ತೇನೆ. ಎದುರಿಗೂ ಹಾಗೇ ಕರೆಯುತ್ತಿದ್ದೆ.

ಅಕ್ಕನಿಗೆ ಐವತ್ತು ದಾಟಿದೆ. ಶಿಡ್ಲಘಟ್ಟ ಕಡೆಯ ಹಳ್ಳಿ. ಸ್ವಲ್ಪ ಹಿಪ್ಪುನೇರಳೆ ತೋಟ, ಒಂದು ರೇಷ್ಮೆ ಹುಳು ಮನೆ, ಸೊಸೆ, ಮೊಮ್ಮಗು. ತಮ್ಮ ಕ್ರೈಸ್ತ ಸಭೆಯ ಸ್ತ್ರೀಯರ ಪ್ರಾರ್ಥನಾ ಕೂಟವನ್ನು 12 ವರ್ಷ ನಡೆಸಿದವರು. ಯಾರ ಮನೆಯಲ್ಲಿ ಕಾಯಿಲೆ ಬಿದ್ದರೂ ಮೊದಲು ಅಕ್ಕನನ್ನೇ ಕರೆಯುತ್ತಿದ್ದರು. ನಿಂತರೆ ಅರ್ಧ ಗಂಟೆ ತಡೆಯಿಲ್ಲದೆ ಪ್ರಾರ್ಥಿಸುತ್ತಿದ್ದರಂತೆ. ಅಂಥವರು ಚಿಕ್ಕಬಳ್ಳಾಪುರದಲ್ಲಿ ನಾನು ಆಪ್ತ ಸಲಹೆ ಕೊಡುವ ಕೋಣೆಗೆ ಬಂದು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದ್ದು ಒಂದೇ ಮಾತು: “ನನಗೆ ಪ್ರಾರ್ಥನೆ ಬರ್ತಿಲ್ಲ ಮೇಡಂ. ಬಾಯಿ ತೆಗೆದ್ರೆ ಗಂಟಲು ಕಟ್ಟುತ್ತೆ.”

ಎಂಟು ತಿಂಗಳಿಂದ ಹೀಗೇ ಇತ್ತು. ಮೊಣಕಾಲೂರಿದರೆ ಮಾತಿಲ್ಲ. ಸುಮ್ನೆ ಕೂತಿರುತ್ತಾರೆ. ಕೂಟದಲ್ಲಿ ಒಬ್ಬರು, “ಒಳಗೆ ಏನೋ ಪಾಪ ಇಟ್ಟುಕೊಂಡಿದ್ದೀಯ, ಅರಿಕೆ ಮಾಡು” ಅಂದಿದ್ದರು. ಆ ಮಾತು ಅಕ್ಕನನ್ನು ಬಹಳ ಸುಟ್ಟಿತ್ತು.

ಇಂಥ ಪ್ರಕರಣ ಬಂದಾಗ ನಾನು ಮೊದಲು ದೇವರ ವಿಷಯ ಎತ್ತುವುದಿಲ್ಲ. ನಿದ್ದೆ, ಊಟ, ಕೆಲಸ ಕೇಳುತ್ತೇನೆ. ಬದುಕು ಸಾಕು ಅನಿಸುತ್ತಾ ಅಂತಲೂ ನೇರವಾಗಿ ಕೇಳುತ್ತೇನೆ. ಹಾಗೆ ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಅನ್ನೋದು ತಪ್ಪು ನಂಬಿಕೆ. ಅಕ್ಕ ಇಲ್ಲ ಅಂದರು. ಮೊಮ್ಮಗು ಕಂಡರೆ ನಗು ಬರುತ್ತದೆ, ತೋಟದ ಕೆಲಸ ನಡೆಯುತ್ತದೆ, ಆದರೆ ನಿದ್ದೆ ಕಡಿಮೆ, ಸುಸ್ತು ಜಾಸ್ತಿ. ಡಾಕ್ಟರ್ ಹತ್ತಿರ ಕಳಿಸಿದೆ. ರಕ್ತ ಕಡಿಮೆ ಇತ್ತು, ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಬರೆದುಕೊಟ್ಟೆ. ಅದು ಉಚಿತ, ರಾತ್ರಿಯೂ ಎತ್ತುತ್ತಾರೆ. ಸಭೆಯವರು ಇದನ್ನು ಅಪನಂಬಿಕೆ ಅಂದುಕೊಳ್ಳಬಾರದು. ಓಡಿಹೋಗಿ, ಸತ್ತರೆ ಸಾಕು ಅಂತ ಮರದ ಕೆಳಗೆ ಬಿದ್ದಿದ್ದ ಬೈಬಲಿನ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟಿದ್ದು ರೊಟ್ಟಿ, ನೀರು. ಅವನು ತಿಂದ, ಮತ್ತೆ ಮಲಗಿದ. ದೇವರ ಮೆಲ್ಲನೆಯ ಸ್ವರ ಕೇಳಿಸಿದ್ದು ಎಷ್ಟೋ ದಿನಗಳ ಮೇಲೆ, ಹೋರೇಬ್ ಬೆಟ್ಟದಲ್ಲಿ.

ಪ್ರಾರ್ಥನೆ ಒಣಗಿಹೋಗುವುದು ಹೊಸ ಕಾಯಿಲೆಯಲ್ಲ. ಶಿಲುಬೆಯ ಯೋವಾನ್ನ ಅಂತ ಸ್ಪೇನ್ ದೇಶದ ಸನ್ಯಾಸಿ ಇದ್ದರು, 1542ರಿಂದ 1591ರವರೆಗೆ ಬದುಕಿದವರು. ಇಂಥ ಒಣಗಿದ ಕಾಲವನ್ನು ಗುರುತಿಸಲು ಅವರು ಮೂರು ಗುರುತು ಹೇಳಿದ್ದಾರೆ. ದೇವರ ಕೆಲಸದಲ್ಲಿ ರುಚಿ ಇರುವುದಿಲ್ಲ, ಲೋಕದ ಬೇರೆ ಯಾವುದರಲ್ಲೂ ರುಚಿ ಇರುವುದಿಲ್ಲ. ಆದರೂ ‘ನಾನು ದೇವರಿಂದ ದೂರ ಆಗಿಬಿಟ್ಟೆನಾ’ ಅನ್ನೋ ನೋವು ಬಿಡುವುದಿಲ್ಲ. ಮೊದಲಿನ ಹಾಗೆ ಮನಸ್ಸಲ್ಲಿ ಚಿತ್ರ ಕಟ್ಟಿಕೊಂಡು ಧ್ಯಾನ ಮಾಡಲು ಎಷ್ಟು ತಿಣುಕಿದರೂ ಆಗುವುದಿಲ್ಲ. ನನಗೆ ಎರಡನೆಯದೇ ದೊಡ್ಡದು. ನಂಬಿಕೆ ನಿಜಕ್ಕೂ ಬಿಟ್ಟುಹೋದವರಿಗೆ ಅದರ ಚಿಂತೆಯೇ ಇರುವುದಿಲ್ಲ. ಅಕ್ಕ ಎರಡು ಬಸ್ ಬದಲಿಸಿ ನನ್ನ ಹತ್ತಿರ ಬಂದಿದ್ದರು.

ಇದೆಲ್ಲ ಕೂಡಿಸಿ ನೋಡಿ, ಇದು ಮೌನ ಪ್ರಾರ್ಥನೆಗೆ ಕರೆ ಅಂತ ನಾನು ತೀರ್ಮಾನಿಸಿಬಿಟ್ಟೆ. ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಸುಮ್ಮನೆ ಕೂರಲು ಹೇಳಿ ಕಳಿಸಿದೆ. ಅದು ನನ್ನ ತಪ್ಪು. ಬೇರೆ ಸಲಹೆಗಾರರಿಗೆ ಉಪಯೋಗ ಆಗಲಿ ಅಂತ ಬಿಚ್ಚಿ ಬರೆಯುತ್ತಿದ್ದೇನೆ.

ಎರಡನೇ ಸಲ ಬಂದಾಗ ಅಕ್ಕ ಬಿಳಚಿಕೊಂಡಿದ್ದರು. ಮೂರನೇ ದಿನಕ್ಕೆ ಕೂತಲ್ಲೇ ಎದೆ ಹೊಡೆದುಕೊಂಡು, ಮೈ ಬೆವತು, ಎದ್ದು ಹೊರಗೆ ಓಡಿದ್ದರಂತೆ. “ಏನು ಕಾಣಿಸ್ತು ಅಕ್ಕ?” ಅಂದೆ. ತುಂಬಾ ಹೊತ್ತು ಸುಮ್ಮನಿದ್ದು, “ನನ್ನ ತಂಗಿ ಮುಖ” ಅಂದರು.

ತಂಗಿಗೆ ಕ್ಯಾನ್ಸರ್ ಆಗಿತ್ತು. ಕೂಟದವರೆಲ್ಲ 40 ದಿನ ಉಪವಾಸ ಪ್ರಾರ್ಥನೆ ಹಿಡಿದಿದ್ದರು. ಒಂದು ಭಾನುವಾರ ಅಕ್ಕ ಎಲ್ಲರೆದುರು ಎದ್ದುನಿಂತು, “ಕರ್ತನು ಅವಳನ್ನು ಎಬ್ಬಿಸ್ತಾನೆ, ನನಗೆ ನಿಶ್ಚಯ ಇದೆ” ಅಂತ ಸಾಕ್ಷಿ ಹೇಳಿದರು. ಮುಂದಿನ ವಾರ ತಂಗಿ ತೀರಿಕೊಂಡಳು. ಮಣ್ಣು ಮಾಡಿದ ದಿನವೂ ಪ್ರಾರ್ಥನೆ ನಡೆಸಿದ್ದು ಅಕ್ಕನೇ. ಆ ದಿನದಿಂದ ಮಾತು ನಿಂತಿತ್ತು.

ನಾನು ಮೌನ ಅಂದುಕೊಂಡಿದ್ದು ಮೌನವೇ ಆಗಿರಲಿಲ್ಲ. ಗಂಟಲಲ್ಲಿ ಸಿಕ್ಕಿಕೊಂಡ ಮಾತಾಗಿತ್ತು. ಹೇಳಬೇಕಾದ್ದನ್ನು ನುಂಗಿಕೊಂಡು ಸುಮ್ಮನಿರುವುದು ಬೇರೆ, ಹೇಳಿ ಮುಗಿದ ಮೇಲೆ ಸುಮ್ಮನಿರುವುದು ಬೇರೆ. ಹೊರಗಿಂದ ಎರಡೂ ಒಂದೇ ಥರ ಕಾಣುತ್ತವೆ.

ಕಣ್ಣು ಮುಚ್ಚಿ ಕೂರುವುದನ್ನು ನಿಲ್ಲಿಸಿದೆವು. ಬೈಬಲಿನ 88ನೇ ಕೀರ್ತನೆ ತೆಗೆದು ಇಬ್ಬರೂ ಓದಿದೆವು. ಆ ಕೀರ್ತನೆ ಸಮಾಧಾನದಲ್ಲಿ ಮುಗಿಯುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. “ಹಿಂಗೂ ಬರೆದಿದ್ದಾರಾ?” ಅಂತ ಅಕ್ಕ ಬೆರಳಿಟ್ಟು ಇನ್ನೊಂದು ಸಲ ಓದಿದರು. ಆಮೇಲೆ ದೇವರಿಗೆ ಏನು ಕೇಳಬೇಕು ಅನಿಸುತ್ತದೋ ಅದನ್ನು ಹಾಗೇ ಕೇಳಿ ಅಂದೆ. ಕೇಳಿದರು. ಆ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ, ಅವು ಅವರಿಬ್ಬರಿಗೆ ಸೇರಿದ್ದು. ಮೂರು ವಾರ ಇದೇ ನಡೆಯಿತು. ಅಕ್ಕ ಅತ್ತರು, ಬೈದರು, ಮತ್ತೆ ಅತ್ತರು.

ನಾಲ್ಕನೇ ಭೇಟಿಗೆ ಅವರೇ ಕೇಳಿದರು: “ಈಗ ಸುಮ್ನೆ ಕೂರಬಹುದಾ?” ಜೊತೆಗೇ ಒಂದು ಅನುಮಾನ. “ಇದು ನಮ್ಮದೇನಾ ಮೇಡಂ? ಬೇರೆಯವರ ಧ್ಯಾನ ಅಲ್ವಾ?” ಈ ಭಯ ನಮ್ಮ ಸಭೆಗಳಲ್ಲಿ ತುಂಬಾ ಇದೆ. ಬೈಬಲಿನಲ್ಲೇ ನೋಡಿ, ಶೀಲೋವಿನ ಆಲಯದಲ್ಲಿ ಪ್ರಾರ್ಥಿಸುವಾಗ ಹನ್ನ ಅನ್ನೋ ಹೆಂಗಸಿನ ತುಟಿ ಅಲ್ಲಾಡಿತು, ಧ್ವನಿ ಕೇಳಲಿಲ್ಲ. ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡ. ದೇವರು ಮಾತ್ರ ಕೇಳಿಸಿಕೊಂಡ. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ, ಮಾತು ಜಾಸ್ತಿ ಆದರೆ ಕೇಳಿಸುತ್ತದೆ ಅಂದುಕೊಳ್ಳಬೇಡ ಅಂತ ಹೇಳಿದ್ದು ಯೇಸುವೇ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಕ್ರೈಸ್ತ ತಪಸ್ವಿಗಳು ಬುಟ್ಟಿ ಹೆಣೆಯುತ್ತಾ ಒಂದೇ ಚಿಕ್ಕ ವಾಕ್ಯವನ್ನು ಇಡೀ ದಿನ ಮನಸ್ಸಲ್ಲಿ ಇಟ್ಟುಕೊಳ್ಳುತ್ತಿದ್ದರು. ಇದು ನಮ್ಮದೇ, ನಾವು ಮರೆತಿದ್ದೇವೆ.

ಈ ಸಲ ಐದೇ ನಿಮಿಷ ಅಂದೆ. ಬೆಳಗಿನ ಸೊಪ್ಪು ಹಾಕುವ ಮುಂಚೆ, ಹುಳು ಮನೆಯ ಜಗಲಿ ಮೇಲೆ, ಕಾಲು ನೆಲಕ್ಕೂರಿ, ಬೇಕಿದ್ದರೆ ಕಣ್ಣು ಬಿಟ್ಟುಕೊಂಡೇ. ಒಂದೇ ಮಾತು: “ಕರ್ತನೇ, ಇಲ್ಲಿದ್ದೇನೆ.” ಉಸಿರಿನ ಜೊತೆ ಅದನ್ನು ಹೇಳಿಕೊಳ್ಳುವುದು. ಮನಸ್ಸು ಸಾಲ, ಸೊಸೆ, ಗೂಡಿನ ರೇಟು ಅಂತ ಓಡುತ್ತದೆ. ಓಡಿದ್ದಕ್ಕೆ ಬೈದುಕೊಳ್ಳಬೇಡಿ, ಮೆಲ್ಲಗೆ ಮತ್ತೆ ಆ ಮಾತಿಗೆ ಬನ್ನಿ. ಇವತ್ತು ಚೆನ್ನಾಗಿ ಆಯ್ತಾ ಅಂತ ಅಳೆಯಬೇಡಿ. ಮತ್ತೆ ಎದೆ ಹೊಡೆದುಕೊಂಡರೆ ಅಲ್ಲೇ ಎದ್ದು ಸೊಪ್ಪು ಹಾಕಲು ಹೋಗಿ, ಅದೂ ಪ್ರಾರ್ಥನೆಯೇ. ಬೈಬಲ್ ಓದುವುದು, ಭಾನುವಾರದ ಆರಾಧನೆ ಮಾತ್ರ ಬಿಡಬೇಡಿ.

ಕೂಟಕ್ಕೆ ಏನು ಹೇಳುವುದು ಅನ್ನೋದೂ ಇತ್ತು. ‘ಮೂರು ತಿಂಗಳು ನೀವು ನಡೆಸಿ, ನಾನು ಹಿಂದೆ ಕೂತು ಜೊತೆಗಿರ್ತೀನಿ’ ಅಂದರೆ ಸಾಕು, ಕಾರಣ ಕೊಡಬೇಕಾಗಿಲ್ಲ ಅಂದೆ. ಅಕ್ಕ ಹಾಗೇ ಮಾಡಿದರು. ಸಭೆಯ ಪಾಲಕರಾದ ಅಯ್ಯನವರು ಒಪ್ಪಿಕೊಂಡರು.

ಐದನೇ ಭೇಟಿಯಲ್ಲಿ ನಾನು ಸ್ಪೇನ್ ದೇಶದ ಸನ್ಯಾಸಿನಿ ಆವಿಲಾದ ತೆರೇಸಾ ಬಗ್ಗೆ ಹೇಳಿದೆ. 1577ರಲ್ಲಿ ಬರೆದ ಪುಸ್ತಕದಲ್ಲಿ ಆಕೆ ಆತ್ಮವನ್ನು ರೇಷ್ಮೆ ಹುಳುಗೆ ಹೋಲಿಸುತ್ತಾರೆ. ಹುಳು ಸೊಪ್ಪು ತಿಂದು, ಗೂಡು ಕಟ್ಟಿ, ಒಳಗೇ ಸತ್ತು, ಬಿಳಿ ಚಿಟ್ಟೆಯಾಗಿ ಬರುತ್ತದೆ ಅಂತ. ತಾನು ಇದನ್ನು ಕಂಡಿಲ್ಲ, ಕೇಳಿ ಬರೆದಿದ್ದು ಅಂತಲೂ ಹೇಳಿಕೊಂಡಿದ್ದಾರೆ. ಅಕ್ಕ ತಲೆ ಅಲ್ಲಾಡಿಸಿದರು. “ನಮ್ಮ ಗೂಡಿಂದ ಚಿಟ್ಟೆ ಬರಕ್ಕೆ ಬಿಡಲ್ಲ ಮೇಡಂ. ಬಂದ್ರೆ ನೂಲು ಹಾಳು. ಅದಕ್ಕೆ ಮುಂಚೇನೇ ಬೇಯಿಸ್ತಾರೆ.” ಸ್ವಲ್ಪ ಹೊತ್ತು ಬಿಟ್ಟು ಅವರೇ ಮುಂದುವರಿಸಿದರು. “ಜ್ವರದ ವಿಷಯ ಆಯಮ್ಮಂಗೆ ಯಾರೂ ಹೇಳಿರಲಿಲ್ಲ ಅನ್ಸುತ್ತೆ.”

ಗೊತ್ತಿಲ್ಲದವರಿಗೆ ಹೇಳಬೇಕು. ಗೂಡು ಕಟ್ಟುವ ಮುಂಚೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಒಂದು ದಿನದ ಹತ್ತಿರ ಹತ್ತಿರ ಏನೂ ತಿನ್ನದೆ, ತಲೆ ಮೇಲೆತ್ತಿ, ಅಲ್ಲಾಡದೆ ಕೂತುಬಿಡುತ್ತದೆ. “ಹೊಸಬರು ಸತ್ತೋಯ್ತು ಅಂದ್ಕೊಂಡು ಸೊಪ್ಪು ಹಾಕ್ತಾರೆ” ಅಂದರು ಅಕ್ಕ. “ಹಾಕಬಾರದು. ಮುಟ್ಟಬಾರದು. ಸುಣ್ಣದ ಪುಡಿ ಉದುರಿಸಿ, ಗಾಳಿ ಆಡಕ್ಕೆ ಬಿಟ್ಟು, ಕಾಯಬೇಕು. ಎಲ್ಲಾ ಎದ್ದ ಮೇಲೇನೇ ಸೊಪ್ಪು.” ಅಂಗೈ ಮೇಲೆ ಒಂದು ಬೆರಳನ್ನು ಸ್ವಲ್ಪ ಎತ್ತಿ, ಹುಳು ಹೇಗೆ ಕೂರುತ್ತದೆ ಅಂತ ತೋರಿಸಿದರು. ನಾನು ಆ ದಿನ ಬೇರೆ ಸಲಹೆ ಏನೂ ಕೊಡಲಿಲ್ಲ.

ಒಟ್ಟು ಏಳು ಭೇಟಿ ಆದವು. ಐದು ನಿಮಿಷ ಈಗ ಹದಿನೈದಾಗಿದೆ. ನಿದ್ದೆ ಪರವಾಗಿಲ್ಲ. ಹೋದ ತಿಂಗಳು ಬೀದಿಯಲ್ಲಿ ಒಂದು ಸಾವಾದಾಗ ಅಕ್ಕನನ್ನು ಪ್ರಾರ್ಥನೆಗೆ ಕರೆದರಂತೆ. ಹೋಗಿ, ಮಗನನ್ನು ಕಳೆದುಕೊಂಡ ತಾಯಿಯ ಕೈ ಹಿಡಿದು ಅವಳ ಪಕ್ಕ ಕೂತರು. ಒಂದು ಮಾತೂ ಆಡಲಿಲ್ಲ. ಹೊರಡುವಾಗ ಆ ತಾಯಿ, “ಇನ್ನೂ ಸ್ವಲ್ಪ ಹೊತ್ತು ಇರು” ಅಂದಳಂತೆ.

ತಂಗಿ ಯಾಕೆ ಹೋದಳು ಅನ್ನೋದಕ್ಕೆ ಅಕ್ಕನಿಗೆ ಉತ್ತರ ಸಿಕ್ಕಿಲ್ಲ. ಈಗಲೂ ಬೆಳಗ್ಗೆ ಕೇಳುತ್ತಾರೆ. ಕೇಳಿ, ಅಲ್ಲೇ ಜಗಲಿ ಮೇಲೆ ಕೂತಿರುತ್ತಾರೆ.