ಪಾಚಿ ಎಣ್ಣೆ ತಿನ್ನುತ್ತದೆಯೇ?

ಮಲ್ಪೆಯ ಓದುಗರೊಬ್ಬರು ಬರೆದಿದ್ದಾರೆ: ‘ಮಳೆಗಾಲದಲ್ಲಿ ಕಡಲ ತೀರಕ್ಕೆ ಬಂದ ಟಾರ್ ಉಂಡೆ (ಕಡಲಿಗೆ ಸೇರಿದ ಕಚ್ಚಾ ತೈಲ ಗಟ್ಟಿಯಾದ ಉಂಡೆ) ಮಗಳ ಕಾಲಿಗೆ ಮೆತ್ತಿಕೊಂಡಿತು. ಸೀಮೆಎಣ್ಣೆ ಹಾಕಿ ಉಜ್ಜಿದೆವು. ಹಸಿರು ಪಾಚಿ ಕಚ್ಚಾ ತೈಲವನ್ನು ತಿನ್ನುತ್ತದೆ ಎಂದು ಓದಿದ್ದೇನೆ. ನಮ್ಮ ಕೆರೆ ತುಂಬ ಪಾಚಿಯೇ. ತಂದು ಸಮುದ್ರಕ್ಕೆ ಸುರಿದರೆ ಆಗದೇ?’

ಸಂಪಾದಕರ ಉತ್ತರ:

ಸುರಿಯಬೇಡಿ. ಕೆರೆಯ ಪಾಚಿ ಉಪ್ಪುನೀರಿನಲ್ಲಿ ಬದುಕುವುದೇ ಕಷ್ಟ. ಆದರೆ ನೀವು ಓದಿದ್ದು ಪೂರ್ತಿ ಸುಳ್ಳಲ್ಲ.

1975ರಲ್ಲಿ ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಒಂದು ಪಾಚಿಯ ಬಗ್ಗೆ ಬರೆದರು. ಹೆಸರು ಪ್ರೊಟೊಥೀಕಾ. ಕಚ್ಚಾ ತೈಲವನ್ನು ಅದು ನಿಜಕ್ಕೂ ಒಡೆಯುತ್ತದೆ. ತಮಾಷೆ ಏನು ಗೊತ್ತೇ? ಕುಲದಲ್ಲಿ ಅದು ಹಸಿರು ಪಾಚಿ, ಮೈಯಲ್ಲಿ ಹಸಿರೇ ಇಲ್ಲ! ಬಿಸಿಲಿನಿಂದ ಅಡುಗೆ ಮಾಡಿಕೊಳ್ಳುವ ವಿದ್ಯೆ ಕಳೆದುಕೊಂಡಿದೆ. ಹಾಗಾಗಿ ಸಿಕ್ಕಿದ್ದನ್ನು ತಿಂದು ಬದುಕಬೇಕು. ಹಾಗಂತ ಅದನ್ನೇ ಬೆಳೆಸಿ ಎರಚೋಣ ಎಂದರೆ, ಇದರ ಜಾತಿಯವೇ ಹಸುಗಳಿಗೆ ಕೆಚ್ಚಲು ಬಾವು ತರುತ್ತವೆ. ಸುಮ್ನೆ ಇರುವುದೇ ಮೇಲು.

ನಿಜವಾದ ಹಸಿರು ಪಾಚಿಗಳ ಕಥೆ ಬೇರೆ. ಕ್ಲೋರೆಲ್ಲಾ, ಸೀನ್‌ಡೆಸ್ಮಸ್ ಮುಂತಾದವು ತೈಲದ ಕೆಲವು ಅಂಶಗಳನ್ನು ಬದಲಾಯಿಸಬಲ್ಲವು, ಅಷ್ಟೇ. ಹೆಚ್ಚಿನ ಕೆಲಸ ಬ್ಯಾಕ್ಟೀರಿಯಾಗಳದ್ದು. ಅವಕ್ಕೆ ಆಮ್ಲಜನಕ ಬೇಕು, ಅದೂ ಎಷ್ಟು! ಒಂದು ಲೀಟರ್ ತೈಲವನ್ನು ಅವು ಪೂರ್ತಿ ಒಡೆಯಲು 3 ಲಕ್ಷ ಲೀಟರಿಗೂ ಜಾಸ್ತಿ ಸಮುದ್ರದ ನೀರಿನಲ್ಲಿರುವ ಆಮ್ಲಜನಕ ಖರ್ಚಾಗುತ್ತದೆ. ಪಾಚಿ ಹಗಲಿಡೀ ಆಮ್ಲಜನಕ ಬಿಡುತ್ತದೆ, ಬ್ಯಾಕ್ಟೀರಿಯಾ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ತಾನು ಎಳೆದುಕೊಳ್ಳುತ್ತದೆ. ಉಣ್ಣುವವರು ಬೇರೆ, ಬಡಿಸುವವರು ಬೇರೆ ಎನ್ನಿ.

ಈ ಜೋಡಿ ಎಣ್ಣೆ ಬೆರೆತ ಕೊಳಚೆ ನೀರನ್ನು ಆಳವಿಲ್ಲದ ಹೊಂಡದಲ್ಲಿ ಹದ ಮಾಡಲು ಒದಗುತ್ತದೆ. ತೆರೆದ ಕಡಲಿನಲ್ಲಿ ಅಲ್ಲ. ದಪ್ಪ ಎಣ್ಣೆಯ ಕೆಳಗೆ ಬಿಸಿಲು ಇಳಿಯುವುದಿಲ್ಲ, ಪಾಚಿ ಅಲ್ಲೇ ಸಾಯುತ್ತದೆ. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಚೆಲ್ಲಿದಾಗ ದಡಕ್ಕೆ ಗೊಬ್ಬರ ಹಾಕಿದರು. ಅಲ್ಲೇ ಇದ್ದ ಬ್ಯಾಕ್ಟೀರಿಯಾಗಳಿಗೆ ಸಾರಜನಕ, ರಂಜಕ ಸಿಗಲಿ ಎಂದು. ಹೊರಗಿನಿಂದ ಜೀವಿ ತಂದು ಸುರಿಯುವುದಕ್ಕಿಂತ ಇದು ಜಾಣತನ ಅಲ್ವಾ? ಅದಕ್ಕೂ ಮೊದಲು ಬಾಚಿ ತೆಗೆಯುವುದು ಇದ್ದೇ ಇದೆ. 2017ರಲ್ಲಿ ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿ ಹೊಡೆದಾಗ ಜನ ಬಕೆಟ್ ಹಿಡಿದೇ ಎಣ್ಣೆ ಬಾಚಿ ತೆಗೆದರು.

ನಿಮ್ಮೂರಿನ ಟಾರ್ ಉಂಡೆ ಇನ್ನೂ ಮೊಂಡು. ಅದರ ಹಗುರ ಭಾಗವೆಲ್ಲ ಆಗಲೇ ಆವಿಯಾಗಿ ಹೋಗಿರುತ್ತದೆ. ಉಳಿದ ಗಟ್ಟಿ ಉಂಡೆಯ ಹೊರಮೈಯನ್ನಷ್ಟೇ ಸೂಕ್ಷ್ಮಜೀವಿಗಳು ಕೆರೆಯಬಲ್ಲವು. ಹೆಕ್ಕಿ ತೆಗೆಯುವುದೇ ದಾರಿ.

ಮಗಳ ಕಾಲಿಗೆ ಸೀಮೆಎಣ್ಣೆ ಮಾತ್ರ ಬೇಡ, ಚರ್ಮ ಉರಿಯುತ್ತದೆ. ಮುಂದಿನ ಸಲ ತೆಂಗಿನೆಣ್ಣೆ ಹಚ್ಚಿ ಹಳೇ ಬಟ್ಟೆಯಲ್ಲಿ ಒರೆಸಿ. ಆಮೇಲೆ ಸೋಪು.