ಐಚಿನಾ ಗಿಫುನಾ ಅಂತ ಕೇಳಬೇಡಿ, ಯಾವ ಊರಿನ ಆಫೀಸಿಗೆ ಸೇರುತ್ತೀರಿ ಅಂತ ನೋಡಿ

ಜಪಾನಿನ ನಗೋಯಾದಲ್ಲಿ ಕೆಲಸ, ಜೊತೆಗೆ ಚಿಕ್ಕ ಮಗು, ಮನೆ ನಗೋಯಾ ಇರುವ ಐಚಿ ಪ್ರಿಫೆಕ್ಚರ್‌ನಲ್ಲಿ (ಅಲ್ಲಿನ ಪ್ರಾಂತ್ಯ) ಮಾಡಲಾ ಪಕ್ಕದ ಗಿಫುನಲ್ಲಿ ಮಾಡಲಾ, ಯಾವುದರ ಆಡಳಿತ ಒಳ್ಳೆಯದು ಅಂತ ಕೇಳಿದ್ದೀರಿ. ನಾನೂ ಹೀಗೇ ಯೋಚಿಸಿ ಬಂದವನು.

ನಮ್ಮ ಮೊದಲ ಮನೆ ನಿಶ್ಶಿನ್ ಊರಿನ ಅಕೈಕೆಯಲ್ಲಿತ್ತು. ನಗೋಯಾ ಸಬ್‌ವೇಯ ತ್ಸುರುಮಾಯ್ ಲೈನ್ ಮುಗಿಯುವುದು ಅಲ್ಲೇ. ಮಗಳಿಗೆ ಶಿಶುವಿಹಾರದಲ್ಲಿ ಸೀಟು ಸಿಕ್ಕಿತ್ತು, ಹೆಂಡತಿಯೂ ಕೆಲಸಕ್ಕೆ ಸೇರಿದ್ದಳು. ಆಮೇಲೆ ಪಕ್ಕದ ಸ್ಟೇಷನ್ ಹಿರಬಾರಿಯಲ್ಲಿ ಸ್ವಲ್ಪ ದೊಡ್ಡ ಮನೆ ಸಿಕ್ಕಿತು, ಹೋದೆವು. ಒಂದೇ ಸ್ಟೇಷನ್ ದೂರ, ಅದೇ ಐಚಿ, ಏನು ಬದಲಾಗುತ್ತೆ ಅಂದುಕೊಂಡೆ.

ಎಲ್ಲಾ ಬದಲಾಯಿತು. ಹಿರಬಾರಿ ನಗೋಯಾ ನಗರದ ತೆಂಪಾಕು ವಾರ್ಡಿನಲ್ಲಿದೆ. ನನ್ನ ತಲೆಯಲ್ಲಿ ಪ್ರಿಫೆಕ್ಚರ್ ಅಂದರೆ ನಮ್ಮ ರಾಜ್ಯದ ಥರ, ಊರುಗಳೆಲ್ಲ ಅದರ ಕೈಕೆಳಗೆ ಅಂತ ಇತ್ತು. ನಿಜವಾಗಿ ನಿಮ್ಮ ಹೆಸರು ನೋಂದಾಯಿಸಿಕೊಳ್ಳುವುದು ಪ್ರಿಫೆಕ್ಚರ್ ಅಲ್ಲ, ಊರು, ಅಂದರೆ ನೀವಿರುವ ನಗರ, ಪಟ್ಟಣ ಅಥವಾ ಹಳ್ಳಿಯ ಆಡಳಿತ. ಹಳೆಯ ಊರಿನ ಆಫೀಸಿನಲ್ಲಿ ಬಿಡುತ್ತಿದ್ದೇವೆ ಅಂತ ಬರೆದುಕೊಡಬೇಕು, ಹೊಸ ಊರಿಗೆ ಬಂದ 14 ದಿನದೊಳಗೆ ಅಲ್ಲಿ ಸೇರಿಸಬೇಕು. ಮಕ್ಕಳ ಭತ್ಯೆ ಕೊಡುವುದೂ ಊರೇ, ಅದಕ್ಕೆ 15 ದಿನದೊಳಗೆ ಹೊಸದಾಗಿ ಅರ್ಜಿ ಹಾಕದಿದ್ದರೆ ತಡವಾದ ತಿಂಗಳುಗಳ ಹಣ ಹೋಯಿತು ಅಂತಲೇ ಲೆಕ್ಕ. ಇದು ನಮಗೂ ಹೋಯಿತು, ಆದರೆ ಅದು ಸಣ್ಣದು. ದೊಡ್ಡ ಪೆಟ್ಟು ಶಿಶುವಿಹಾರದ್ದು. ಆ ಸೀಟು ನಿಶ್ಶಿನ್‌ನಲ್ಲಿ ವಾಸ ಮಾಡುವವರ ಲೆಕ್ಕದಲ್ಲಿ ಸಿಕ್ಕಿದ್ದು. ವಿಳಾಸ ನಗೋಯಾ ಆದ ಮೇಲೆ ಅದು ಹೋಯಿತು, ವಾರ್ಡ್ ಆಫೀಸಿನಲ್ಲಿ ಮೊದಲಿಂದ ಅರ್ಜಿ ಹಾಕಬೇಕಾಯಿತು. ಅಲ್ಲಿ ಮಕ್ಕಳನ್ನು ಸೇರಿಸಿಕೊಳ್ಳುವುದು ಮುಖ್ಯವಾಗಿ ಏಪ್ರಿಲ್‌ನಲ್ಲಿ, ಅರ್ಜಿ ತಿಂಗಳುಗಟ್ಟಲೆ ಮುಂಚೆಯೇ ಕೊಟ್ಟಿರಬೇಕು, ವರ್ಷದ ನಡುವೆ ಒಂದೆರಡು ವರ್ಷದ ಮಕ್ಕಳಿಗೆ ಜಾಗ ಸಿಗುವುದು ತುಂಬಾ ಕಷ್ಟ. ಹೆಂಡತಿ ಕೆಲಸ ಬಿಟ್ಟಳು. ನಾವು ನಾಲ್ಕು ತಿಂಗಳು ತಡೆದು, ಅರ್ಜಿ ಹಾಕಿ, ಆಮೇಲೆ ಮನೆ ಬದಲಾಯಿಸಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಅದಕ್ಕೇ ಇಷ್ಟು ಉದ್ದ ಹೇಳುತ್ತಿದ್ದೇನೆ.

ಮೇಲಿನವರಿಗೆ ಹೇಳಿದರೆ ಆಗಬಹುದು ಅಂತ ಪ್ರಿಫೆಕ್ಚರ್ ಆಫೀಸಿಗೂ ಹೋದೆ. ನಗೋಯಾ ಕೋಟೆಯ ಹತ್ತಿರ, ಮೇಲೆ ಕೋಟೆಯಂಥದೇ ಚಾವಣಿ ಇರುವ 1938ರ ಕಟ್ಟಡ. ಪಕ್ಕದಲ್ಲೇ ನಗರ ಸಭೆಯ ಕಟ್ಟಡ. ಅಲ್ಲಿದ್ದವರು ಸಮಾಧಾನವಾಗಿ ಕೇಳಿಸಿಕೊಂಡರು, ಇದು ನಗರದ ಕೆಲಸ, ನಾವು ಹೇಳುವ ಹಾಗಿಲ್ಲ ಅಂದರು. ಅವರು ಹೇಳಿದ್ದು ಸರಿಯೇ.

ಯಾಕೆ ಹೀಗೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಐಚಿ ಅನ್ನುವುದು ಮೊದಲಿಂದ ಒಂದೇ ನಾಡಲ್ಲ. ಪಶ್ಚಿಮಕ್ಕೆ ಓವಾರಿ, ಪೂರ್ವಕ್ಕೆ ಮಿಕಾವಾ, ಎರಡೂ ಬೇರೆ ಬೇರೆ. 1871ರಲ್ಲಿ ಮೇಜಿ ಚಕ್ರವರ್ತಿಯ ಸರ್ಕಾರ ಸಾಮಂತರ ಸಂಸ್ಥಾನಗಳನ್ನು ತೆಗೆದುಹಾಕಿತು, 1872ರಲ್ಲಿ ಮಿಕಾವಾ ಕಡೆಯ ನುಕಾತಾ ಪ್ರಿಫೆಕ್ಚರ್ ಅನ್ನು ಐಚಿಗೆ ಸೇರಿಸಿತು. ಆಗ ಪ್ರಿಫೆಕ್ಚರ್‌ನ ಮುಖ್ಯಸ್ಥನಾದ ಗವರ್ನರ್‌ನನ್ನು ಟೋಕಿಯೊದಿಂದ ನೇಮಿಸುತ್ತಿದ್ದರು, ಸುಮಾರಾಗಿ ನಮ್ಮ ಜಿಲ್ಲಾಧಿಕಾರಿಯ ಹಾಗೆ. 1947ರಿಂದ ಗವರ್ನರ್‌ನನ್ನೂ ಮೇಯರ್‌ನನ್ನೂ ಜನರೇ ನೇರವಾಗಿ ಆರಿಸುತ್ತಾರೆ. ಅಂದ ಮೇಲೆ ಒಬ್ಬರು ಇನ್ನೊಬ್ಬರಿಗೆ ಹುಕುಂ ಮಾಡುವುದು ಎಲ್ಲಿಂದ ಬಂತು, ಅಲ್ವಾ? ನಗೋಯಾ ಅಂತೂ 1956ರಿಂದ ವಿಶೇಷ ಅಧಿಕಾರದ ನಗರ, ಪ್ರಿಫೆಕ್ಚರ್ ಮಾಡಬೇಕಾದ ಎಷ್ಟೋ ಕೆಲಸ ಅದೇ ಮಾಡುತ್ತೆ. ಅದರ 16 ವಾರ್ಡುಗಳಿಗೆ ಮಾತ್ರ ಟೋಕಿಯೊದ 23 ವಾರ್ಡುಗಳಿಗೆ ಇರುವ ಹಾಗೆ ಸ್ವಂತ ಮೇಯರ್ ಇಲ್ಲ, ಅವು ನಗರದ ಶಾಖೆಗಳು. ಹಾಗಾಗಿ ವಾರ್ಡಿಂದ ವಾರ್ಡಿಗೆ ಹೋದರೆ ತೊಂದರೆ ಕಡಿಮೆ. ಊರಿಂದ ಊರಿಗೆ ಹೋದರೆ ಜಾಸ್ತಿ.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಐಚಿಯಲ್ಲಿ 54 ಊರಾಡಳಿತಗಳಿವೆ: 38 ನಗರ, 14 ಪಟ್ಟಣ, 2 ಹಳ್ಳಿ. ಮೊದಲು ಶಿಶುವಿಹಾರದಲ್ಲಿ ಜಾಗ ಇರುವ ಊರು ಹುಡುಕಿ, ಅದು ಗಿಫುವಿನ ತಜಿಮಿ ಆದರೂ ಪರವಾಗಿಲ್ಲ, ಚೂಓ ಲೈನಿನಲ್ಲಿ ನೇರ ನಗೋಯಾಗೆ ಬರಬಹುದು. ತೆರಿಗೆಗೆ ಹೆದರಿ ಪ್ರಿಫೆಕ್ಚರ್ ಆರಿಸಬೇಡಿ. ಜನವರಿ 1ಕ್ಕೆ ಯಾವ ಊರಿನಲ್ಲಿರುತ್ತೀರೋ ಆ ಊರೇ ನಿವಾಸ ತೆರಿಗೆಯಲ್ಲಿ ತನ್ನ ಪಾಲನ್ನೂ ಪ್ರಿಫೆಕ್ಚರ್‌ನ ಪಾಲನ್ನೂ ಒಟ್ಟಿಗೆ ವಸೂಲಿ ಮಾಡುತ್ತೆ.

ನೀವು ನೋಡಿರುವ ಮನೆಯ ವಿಳಾಸದಲ್ಲಿ 'ಐಚಿ-ಗುನ್, ತೋಗೋ' ಅಂತ ಇದೆ ಅಂದಿರಿ. ಗುನ್ ಅಂದರೆ ಹಳೇ ತಾಲ್ಲೂಕಿನ ಥರ, ಅದರ ಆಫೀಸುಗಳು 1926ರಲ್ಲೇ ಮುಚ್ಚಿದವು, ಈಗ ವಿಳಾಸದಲ್ಲಿ ಮಾತ್ರ ಉಳಿದಿದೆ. 1994ರಲ್ಲಿ ನಿಶ್ಶಿನ್, 2012ರಲ್ಲಿ ನಾಗಾಕುತೆ ನಗರಗಳಾಗಿ ಹೊರಗೆ ಹೋದ ಮೇಲೆ ಐಚಿ-ಗುನ್‌ನಲ್ಲಿ ಇರುವುದು ತೋಗೋ ಪಟ್ಟಣ ಒಂದೇ. ಗುನ್ ಆಫೀಸ್ ಎಲ್ಲಿ ಅಂತ ಸುಮ್ನೆ ಹುಡುಕಬೇಡಿ, ತೋಗೋ ಪಟ್ಟಣದ ಆಫೀಸಿಗೆ ಹೋಗಿ, ಮನೆಗೆ ಸಹಿ ಹಾಕುವ ಮುಂಚೆಯೇ ಹೋಗಿ ಶಿಶುವಿಹಾರದ ವಿಷಯ ಕೇಳಿ. ಡ್ರೈವಿಂಗ್ ಲೈಸೆನ್ಸ್ ಒಂದು ಮಾತ್ರ ಪ್ರಿಫೆಕ್ಚರ್ ಪೊಲೀಸರದ್ದು, ಅದರ ಒಂದು ಕೇಂದ್ರ ಹಿರಬಾರಿಯಲ್ಲಿದೆ.