ಪೆನ್ಷನ್, ಪಿಎಫ್ ನಂಬಿಕೊಂಡು ಮುಪ್ಪು ಕಳೆಯಬಹುದಾ?

ನಿಮ್ಮ ಪ್ರಶ್ನೆ ಓದಿದೆ. ನಿಮಗೆ 36 ವರ್ಷ. 2012ರಿಂದ ಬೆಂಗಳೂರಿನಲ್ಲಿ ಖಾಸಗಿ ಕೆಲಸ, ಎರಡು ಸಲ ಕಂಪನಿ ಬದಲಾಯಿಸಿದ್ದೀರಿ. ಪಿಎಫ್ ಕಟ್ ಆಗುತ್ತಿದೆ, ಬ್ಯಾಂಕಿನಲ್ಲಿ ಒಂದಿಷ್ಟು ಎಫ್‌ಡಿ ಇದೆ. ವಯಸ್ಸಾದ ಮೇಲೆ ಇದನ್ನೇ ನಂಬಿಕೊಂಡು ಇರಬಹುದಾ, ಇಲ್ಲಾ ಎಲ್ಲಾ ಬರೀ ಮಾತಾ ಅಂತ ಕೇಳಿದ್ದೀರಿ.

ಬರೀ ಮಾತಲ್ಲ, ದುಡ್ಡು ಬರುತ್ತದೆ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ 25 ವರ್ಷ ದುಡಿದು, 2021ರಲ್ಲಿ 58ಕ್ಕೆ ನಿವೃತ್ತನಾದವನು. ಅವತ್ತಿನಿಂದ ಒಂದು ತಿಂಗಳೂ ಪೆನ್ಷನ್ ತಪ್ಪಿಲ್ಲ. ಆದರೆ ಬರೋದು ಬೇರೆ, ಸಾಕಾಗೋದು ಬೇರೆ. ನನಗೆ ಬರುವ ಪೆನ್ಷನ್ ತಿಂಗಳಿಗೆ ಮೂರೂವರೆ ಸಾವಿರಕ್ಕೆ ಹತ್ತಿರ. ಮೊದಲ ತಿಂಗಳು ಎಷ್ಟು ಬಂತೋ ಇವತ್ತಿಗೂ ಅಷ್ಟೇ. ನಾನು ಇರುವವರೆಗೂ ಅಷ್ಟೇ ಇರಬಹುದು, ಯಾಕೆಂದರೆ ಇಪಿಎಸ್ (ಪಿಎಫ್ ಜೊತೆಗೆ ಬರುವ ನೌಕರರ ಪೆನ್ಷನ್ ಯೋಜನೆ) ಪೆನ್ಷನ್‌ಗೆ ತುಟ್ಟಿಭತ್ಯೆ ಇಲ್ಲ.

ಇದರ ಲೆಕ್ಕ ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕಂಪನಿ ನಿಮ್ಮ ಹೆಸರಿಗೆ ಕಟ್ಟುವ 12% ಪೂರ್ತಿ ಪಿಎಫ್‌ಗೆ ಹೋಗುವುದಿಲ್ಲ. ಅದರಲ್ಲಿ 8.33% ಪೆನ್ಷನ್ ನಿಧಿಗೆ ಹೋಗುತ್ತದೆ, ಅದೂ 15,000 ರೂಪಾಯಿ ಸಂಬಳದ ಮೇಲೆ ಮಾತ್ರ, ಅಂದರೆ ತಿಂಗಳಿಗೆ ಹೆಚ್ಚೆಂದರೆ 1,250. ಪೆನ್ಷನ್ ಲೆಕ್ಕ ಹೀಗಿದೆ: ಪೆನ್ಷನ್‌ಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 2014ರ ಸೆಪ್ಟೆಂಬರ್‌ಗೆ ಮೊದಲು ಆ ಸಂಬಳದ ಮಿತಿ 6,500 ಇತ್ತು. ನನ್ನ ಸೇವೆಯ ಹೆಚ್ಚು ಭಾಗ ಆ ಹಳೇ ಮಿತಿಯಲ್ಲೇ ಹೋಯಿತು. ನಿಮ್ಮದು ಹಾಗಲ್ಲ. 35 ವರ್ಷ ದುಡಿದರೆ ಹತ್ತಿರಹತ್ತಿರ 7,500 ಬರುತ್ತದೆ, ಅಷ್ಟೇ. ನಿಮ್ಮ ಸಂಬಳ ಲಕ್ಷ ಇದ್ದರೂ, ಈಗಿರುವ ಮಿತಿಯಲ್ಲಿ ಅಷ್ಟೇ. ಬೆಲೆಗಳು ವರ್ಷಕ್ಕೆ 6% ಏರಿದರೆ, 22 ವರ್ಷ ಕಳೆದ ಮೇಲೆ ಆ ದುಡ್ಡಿಗೆ ಇವತ್ತಿನ ಎರಡು ಸಾವಿರದ ಬೆಲೆ. ಇನ್ನೊಂದು ವಿಷಯ. 2014ರ ಸೆಪ್ಟೆಂಬರ್ ನಂತರ ಮೊದಲ ಸಲ ಕೆಲಸಕ್ಕೆ ಸೇರಿ, ಮೂಲ ವೇತನ 15,000ಕ್ಕಿಂತ ಜಾಸ್ತಿ ಇದ್ದವರನ್ನು ಇಪಿಎಸ್‌ಗೆ ಸೇರಿಸುವುದೇ ಇಲ್ಲ. ನೀವು 2012ರವರು, ಹಾಗಾಗಿ ಒಳಗಿರುತ್ತೀರಿ. ನಿಮ್ಮ ತಮ್ಮನೋ ತಂಗಿಯೋ ಆಮೇಲೆ ಸೇರಿದ್ದರೆ ಅವರು ಒಮ್ಮೆ ನೋಡಿಕೊಳ್ಳಲಿ.

ನಮ್ಮ ಅಣ್ಣ ಸರ್ಕಾರಿ ಹೈಸ್ಕೂಲ್ ಮೇಷ್ಟ್ರಾಗಿದ್ದರು. ಅವರಿಗೆ ಹಳೇ ಪೆನ್ಷನ್. ಡಿಎ ಏರಿದಾಗಲೆಲ್ಲ ಅವರದೂ ಏರುತ್ತದೆ. 2024ರ ಆಗಸ್ಟ್‌ನಲ್ಲಿ ಏಳನೇ ವೇತನ ಆಯೋಗ ಜಾರಿಯಾದಾಗಲೂ ಏರಿತು. ಅದೇ ಅವರ ಮಗನೂ ಮೇಷ್ಟ್ರೇ, ಆದರೆ ಸೇರಿದ್ದು 2010ರಲ್ಲಿ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಎನ್‌ಪಿಎಸ್, ಅಂದರೆ ಕಟ್ಟಿದ ದುಡ್ಡು ಮಾರುಕಟ್ಟೆಯಲ್ಲಿ ಎಷ್ಟು ಬೆಳೆಯಿತೋ ಅದರ ಮೇಲೆ ನಿಂತ ಪೆನ್ಷನ್. ಒಂದೇ ಮನೆ, ಒಂದೇ ಕೆಲಸ, ಆದರೆ ಅಪ್ಪನ ನೆಮ್ಮದಿ ಮಗನಿಗಿಲ್ಲ. ಆದ್ದರಿಂದ ‘ಪೆನ್ಷನ್ ಇದೆ’ ಅಂತ ಯಾರಾದರೂ ಹೇಳಿದರೆ, ಯಾವ ಪೆನ್ಷನ್ ಅಂತ ನಾನು ಮೊದಲು ಕೇಳುತ್ತೇನೆ.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರದ ವಿಷಯ. ಇದನ್ನು ಹೇಳಬೇಕು ಅಂತಲೇ ಉತ್ತರ ಬರೆಯಲು ಕೂತೆ.

ನನ್ನ ಹೆಂಡತಿ 16 ವರ್ಷ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದಳು. ಮೂರು ಫ್ಯಾಕ್ಟರಿ ಬದಲಾಯಿಸಿದಳು. ಒಂದು ಬಿಟ್ಟಾಗ ಪಿಎಫ್ ಜೊತೆ ಪೆನ್ಷನ್ ದುಡ್ಡನ್ನೂ ತೆಗೆದುಬಿಡೋದು ಅಲ್ಲಿ ಎಲ್ಲರ ರೂಢಿ. 10ಸಿ ಅಂತ ಒಂದು ಫಾರಂ. ಮೊದಲ ಸಲ ಬಂದ ದುಡ್ಡು ಮಗಳ ಶಾಲೆ ಫೀಸಿಗೆ ಹೋಯಿತು. ಎರಡನೇ ಸಲ ನಮ್ಮ ಅತ್ತೆಯ ಆಸ್ಪತ್ರೆಗೆ. ಯಾವುದೂ ದುಂದಲ್ಲ. ಆದರೆ ಇಪಿಎಸ್‌ನಲ್ಲಿ ಪೆನ್ಷನ್ ಸಿಗಬೇಕಾದರೆ ಒಟ್ಟು ಹತ್ತು ವರ್ಷ ಸೇವೆ ಬೇಕು, ಮತ್ತು ಪ್ರತಿ ಸಲ ದುಡ್ಡು ತೆಗೆದಾಗ ಹಿಂದಿನ ಸೇವೆ ಅಳಿಸಿಹೋಗುತ್ತದೆ. 16 ವರ್ಷ ಮಿಷನ್ ಮುಂದೆ ಕೂತವಳಿಗೆ ಇವತ್ತು ಪೆನ್ಷನ್ ಇಲ್ಲ. ಅದೇ 10ಸಿ ಫಾರಂನಲ್ಲೇ ದುಡ್ಡಿನ ಬದಲು ‘ಸ್ಕೀಮ್ ಸರ್ಟಿಫಿಕೇಟ್’ (ಹಿಂದಿನ ಸೇವೆಯನ್ನು ಲೆಕ್ಕದಲ್ಲಿ ಉಳಿಸುವ ಪತ್ರ) ಕೇಳಿದ್ದರೆ, ಅಥವಾ ಖಾತೆಯನ್ನು ಮುಂದಿನ ಫ್ಯಾಕ್ಟರಿಗೆ ವರ್ಗ ಮಾಡಿಸಿದ್ದರೆ, ತಿಂಗಳಿಗೆ ಸಾವಿರದೈನೂರರ ಆಸುಪಾಸು ಅವಳ ಹೆಸರಿಗೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಸಾವಿರದೈನೂರು ಸಣ್ಣ ದುಡ್ಡಲ್ಲ.

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ತುಮಕೂರು ರಸ್ತೆ, ಹೊಸೂರು ರಸ್ತೆಗೆ ಇಳಿದದ್ದು ನಿಮಗೆ ನೆನಪಿರಬಹುದು. ಕಂಪನಿ ಕಟ್ಟಿದ ಪಿಎಫ್ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಅವರು ಬೀದಿಗಿಳಿದ ಎರಡೇ ದಿನದಲ್ಲಿ ಅದನ್ನು ವಾಪಸ್ ಪಡೆಯಿತು. ನನ್ನ ಹೆಂಡತಿಯೂ ಆ ಗುಂಪಿನಲ್ಲಿದ್ದಳು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಕಷ್ಟಕ್ಕೆ ಅಂತ ಅವರ ಹತ್ತಿರ ಇದ್ದದ್ದು ಅದೊಂದೇ ದುಡ್ಡು. ಇವತ್ತಿನ ಸಂಬಳ ಸಾಲದವರಿಗೆ ಮುಪ್ಪಿನ ಉಳಿತಾಯ ಅಂದರೆ ದೂರದ ಮಾತು. ಅವರು ತಪ್ಪು ಮಾಡಿದರು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ನಿಮಗೆ ಆ ಪರಿಸ್ಥಿತಿ ಇಲ್ಲದಿದ್ದರೆ, ದಯವಿಟ್ಟು ಪೆನ್ಷನ್ ದುಡ್ಡು ಮುಟ್ಟಬೇಡಿ.

ಪಿಎಫ್ ಬಗ್ಗೆ ಹೇಳಬೇಕೆಂದರೆ, ನನ್ನನ್ನು ಕಾಪಾಡಿದ್ದು ಅದೇ. ನಾನು ಎರಡು ಸಲ ತೆಗೆದಿದ್ದೇನೆ. 2004ರಲ್ಲಿ ಮನೆ ಕಟ್ಟಲು 1.8 ಲಕ್ಷ, 2015ರಲ್ಲಿ ಮಗಳ ಮದುವೆಗೆ 3 ಲಕ್ಷ. ಮೊದಲನೆಯದನ್ನು ಬಿಟ್ಟಿದ್ದರೆ 2021ರ ಹೊತ್ತಿಗೆ ಸುಮಾರು ನಾಲ್ಕು ಪಟ್ಟು ಆಗಿರುತ್ತಿತ್ತು. ಆದರೂ ಅದಕ್ಕೆ ಬೇಸರವಿಲ್ಲ, ಇವತ್ತು ಬಾಡಿಗೆ ಕಟ್ಟದೆ ಇದ್ದೇನೆ ಅಂದರೆ ಅದೇ ಕಾರಣ. ಮದುವೆಗೆ ತೆಗೆದದ್ದು ಮಾತ್ರ ಈಗಲೂ ಚುಚ್ಚುತ್ತದೆ. ಸಣ್ಣ ಛತ್ರದಲ್ಲಿ ಮಾಡಿದ್ದರೂ ಮಗಳು ಅಷ್ಟೇ ಸಂತೋಷವಾಗಿರುತ್ತಿದ್ದಳು.

ನಿವೃತ್ತಿಯ ದಿನ ಪಿಎಫ್, ಗ್ರಾಚ್ಯುಟಿ ಸೇರಿ 19 ಲಕ್ಷ ಕೈಗೆ ಬಂತು. 15 ಲಕ್ಷವನ್ನು ಅಂಚೆ ಕಚೇರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆ. ಆಗ ಮಿತಿ ಅಷ್ಟೇ ಇತ್ತು, 2023ರಿಂದ 30 ಲಕ್ಷ ಆಗಿದೆ. ಬಡ್ಡಿ 7.4%. ಮೂರು ತಿಂಗಳಿಗೊಮ್ಮೆ 27,750 ರೂಪಾಯಿ. 2023ರ ಏಪ್ರಿಲ್‌ನಲ್ಲಿ ದರ 8.2 ಆಯಿತು, ಆದರೆ ನನಗೆ ಸಿಗಲಿಲ್ಲ. ಠೇವಣಿ ಇಟ್ಟ ದಿನದ ದರವೇ ಐದು ವರ್ಷಕ್ಕೂ. ನೀವು ಎಂಥಾ ವರ್ಷದಲ್ಲಿ ನಿವೃತ್ತರಾಗುತ್ತೀರಿ ಅನ್ನುವುದರ ಮೇಲೂ ಎಷ್ಟೋ ನಿಂತಿದೆ. 2013ರಲ್ಲಿ ನಿವೃತ್ತನಾದ ನನ್ನ ಸೀನಿಯರ್‌ಗೆ ಬ್ಯಾಂಕ್ ಎಫ್‌ಡಿಯಲ್ಲೇ 9% ಸಿಕ್ಕಿತ್ತು. ನಾನು ಬರುವ ಹೊತ್ತಿಗೆ ಐದೂವರೆಗೆ ಇಳಿದಿತ್ತು. ಎಫ್‌ಡಿ ಒಂದನ್ನೇ ನಂಬಬೇಡಿ ಅನ್ನುವುದು ಇದಕ್ಕೇ.

ಆ ಬಡ್ಡಿ, ಪೆನ್ಷನ್, ಮಹಡಿ ಮೇಲಿನ ಮನೆಯ ಬಾಡಿಗೆ ಸೇರಿ ಇಬ್ಬರ ಸಂಸಾರ ನಡೆಯುತ್ತದೆ. ಬಾಡಿಗೆ ಇಲ್ಲದಿದ್ದರೆ ನಡೆಯುತ್ತಿರಲಿಲ್ಲ.

ಉಳಿದ ನಾಲ್ಕು ಲಕ್ಷದಲ್ಲಿ ಎರಡು ಲಕ್ಷವನ್ನು ನಮ್ಮ ಕಡೆಯ ಒಂದು ಸೌಹಾರ್ದ ಸಹಕಾರಿಯಲ್ಲಿ ಇಟ್ಟೆ. ಬಡ್ಡಿ 11% ಅಂದರು. ಪರಿಚಯದವರೇ ಇದ್ದರು, ಹೋದಾಗಲೆಲ್ಲ ಕಾಫಿ ಕೊಡುತ್ತಿದ್ದರು. ಒಂದೂವರೆ ವರ್ಷ ಬಡ್ಡಿ ಬಂತು. ಆಮೇಲೆ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಇಲ್ಲಿಯವರೆಗೆ ವಾಪಸ್ ಬಂದದ್ದು 60,000. ಇದು ನಿಮಗೆ ಗೊತ್ತಿರಬೇಕು: ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಸಹಕಾರಿ ಬ್ಯಾಂಕ್ ಆದರೂ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. 2020ಕ್ಕೆ ಮೊದಲು ಅದು ಒಂದೇ ಲಕ್ಷ ಇತ್ತು. ಆದರೆ ನಾನು ದುಡ್ಡಿಟ್ಟಂಥ ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ. ಬೋರ್ಡು, ಕೌಂಟರು, ಪಾಸ್‌ಬುಕ್ಕು ಎಲ್ಲ ಬ್ಯಾಂಕಿನ ಥರವೇ ಇರುತ್ತದೆ. ನನ್ನ ವಯಸ್ಸಿನವರು ಎಷ್ಟೋ ಜನ ಹೀಗೇ ಮೋಸ ಹೋಗಿದ್ದಾರೆ. ನಿಮ್ಮ ಅಪ್ಪ ಅಮ್ಮ ಎಲ್ಲಿ ಇಟ್ಟಿದ್ದಾರೆ ಅಂತ ಇವತ್ತೇ ಕೇಳಿ.

ಆರೋಗ್ಯ ವಿಮೆ ಬಗ್ಗೆ ಒಂದೇ ಮಾತು. ಕಂಪನಿ ಕೊಟ್ಟ ಮೆಡಿಕ್ಲೇಮ್ ನಾನು ನಿವೃತ್ತನಾದ ದಿನವೇ ಮುಗಿಯಿತು. ಸ್ವಂತದ್ದು ಒಂದನ್ನು ನಲವತ್ತರೊಳಗೆ ಮಾಡಿಸಿ. ಬಿಪಿ, ಶುಗರ್ ಬಂದ ಮೇಲೆ ಪ್ರೀಮಿಯಂ ಜಾಸ್ತಿ, ಆ ಕಾಯಿಲೆಗೆ ವಿಮೆ ಸಿಗಲು ವರ್ಷಗಟ್ಟಲೆ ಕಾಯಬೇಕು.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ? ಪಿಎಫ್‌ಗೆ ಕಡ್ಡಾಯಕ್ಕಿಂತ ಸ್ವಲ್ಪ ಜಾಸ್ತಿ ಕಟ್ಟುತ್ತಿದ್ದೆ, ಅದನ್ನು ವಿಪಿಎಫ್ ಅನ್ನುತ್ತಾರೆ. ಬಡ್ಡಿ ಪಿಎಫ್‌ನದೇ, 2024-25ಕ್ಕೆ 8.25% ಕೊಟ್ಟರು. ನಿಮ್ಮ ಪಾಲು ವರ್ಷಕ್ಕೆ ಎರಡೂವರೆ ಲಕ್ಷ ದಾಟಿದರೆ ಮಾತ್ರ ಮೇಲಿನದರ ಬಡ್ಡಿಗೆ ತೆರಿಗೆ. ಇನ್ನೊಂದಿಷ್ಟನ್ನು ಎನ್‌ಪಿಎಸ್‌ಗೋ, ಷೇರಿನಲ್ಲಿ ಹಾಕುವ ಮ್ಯೂಚುವಲ್ ಫಂಡ್‌ಗೋ ತಿಂಗಳು ತಿಂಗಳು ಹಾಕುತ್ತಿದ್ದೆ. ಏರಿಳಿತ ಇರುತ್ತದೆ, ಆದರೆ ನಿಮಗೆ 22 ವರ್ಷ ಇದೆ. ನನಗೆ ಆ ಸಮಯ ಇದ್ದಾಗ ಹೇಳುವವರು ಇರಲಿಲ್ಲ.

ಈಗ ನಾನು ನಮ್ಮ ಏರಿಯಾದ ಪೆನ್ಷನ್‌ದಾರರಿಗೆ ಫಾರಂ ತುಂಬಿ ಕೊಡುತ್ತೇನೆ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕಲ್ಲ. ನನ್ನ ಜೊತೆ ಲೇತ್ ಮೇಲಿದ್ದ ಗೆಳೆಯನ ಬೆರಳಚ್ಚನ್ನು ಯಂತ್ರ ತೆಗೆದುಕೊಳ್ಳಲೇ ಇಲ್ಲ. ಮೂವತ್ತು ವರ್ಷ ಕಬ್ಬಿಣ ಹಿಡಿದು ಗೆರೆಗಳೇ ಸವೆದುಹೋಗಿವೆ. ಒಂದೊಂದೇ ಬೆರಳನ್ನು ಪಂಚೆಗೆ ಒರೆಸಿ ಇಟ್ಟ. ಕೊನೆಗೆ ಎಡಗೈ ಉಂಗುರದ ಬೆರಳಿಗೆ ಹಸಿರು ದೀಪ ಹತ್ತಿತು. ಅವನಿಗೆ ಬರುವುದು ಎರಡು ಸಾವಿರದ ಚಿಲ್ಲರೆ. ಈಗ ಮೊಬೈಲಿನಲ್ಲಿ ಮುಖ ತೋರಿಸಿದರೂ ಆಗುತ್ತದೆ, ನಾನೇ ಮಾಡಿಕೊಡುತ್ತೇನೆ.

ನೀವು ಮೊದಲು ಪಿಎಫ್ ಪಾಸ್‌ಬುಕ್ ತೆಗೆದು ನೋಡಿ. ಹಿಂದಿನ ಎರಡು ಕಂಪನಿಯ ಖಾತೆಗಳು ಈಗಿನದಕ್ಕೆ ಸೇರಿವೆಯಾ, ಸೇರಿದ ದಿನ, ಬಿಟ್ಟ ದಿನ ಸರಿ ಇದೆಯಾ, ನಾಮಿನಿ ಹೆಸರು ಹಾಕಿದ್ದೀರಾ ಅಂತ. ಮದುವೆಗೆ ಮುಂಚೆ ಹಾಕಿದ ನಾಮಿನಿ ಹಾಗೇ ಉಳಿದಿರುವುದು ಬಹಳ ಕಡೆ ನೋಡಿದ್ದೇನೆ. ಪೆನ್ಷನ್ ಕಾಲಮ್‌ನಲ್ಲಿ ತಿಂಗಳಿಗೆ ಎಷ್ಟು ಬಿದ್ದಿದೆ, ಒಟ್ಟು ಎಷ್ಟು ವರ್ಷ ಸೇವೆ ತೋರಿಸುತ್ತಿದೆ ಅಂತ ಇಲ್ಲಿ ಬರೆಯಿರಿ. ನಿಮ್ಮ ಲೆಕ್ಕ ನಾನು ಹಾಕಿ ಕೊಡುತ್ತೇನೆ.